ಬಾಗಿಲಿಗೆ ಬ್ಯಾಂಕ್ ನೋಟಿಸ್ ಅಂಟಿಸಿದ ಮೇಲೆ ಬರುವ ಏಜೆಂಟರನ್ನು ನಂಬಬಹುದೇ?

ಪ್ರಶ್ನೆ: ನಮ್ಮದು ಅಂಕೋಲಾ ಹತ್ತಿರದ ಒಂದು ಹಳ್ಳಿ. 2018ರಲ್ಲಿ ಮನೆ ಕಟ್ಟಲು ಬ್ಯಾಂಕಿನಿಂದ 18 ಲಕ್ಷ ಸಾಲ ತೆಗೆದೆವು. ಯಜಮಾನರ ಜೊತೆ ನನ್ನ ಸಹಿಯೂ ಇದೆ. ಅವರದ್ದು ಮೀನು ಸಾಗಿಸುವ ಗಾಡಿ. ಮಳೆಗಾಲದಲ್ಲಿ ಎರಡು ತಿಂಗಳು ಬಾಡಿಗೆ ಇರಲಿಲ್ಲ, ಆಮೇಲೆ ಗಾಡಿಯ ಎಂಜಿನ್ ಕೆಲಸ ಬಂತು. ಹಾಗೆ ಕಂತು ನಿಂತಿತು. ತಿಂಗಳಿಗೆ 16 ಸಾವಿರದಂತೆ ಈಗ 8 ಕಂತು ಬಾಕಿ. ಮೊದಲು 60 ದಿನದ ನೋಟಿಸ್ ಬಂತು, ಹೆದರಿ ಉತ್ತರ ಬರೆಯಲಿಲ್ಲ. 17 ದಿನದ ಹಿಂದೆ ಬ್ಯಾಂಕಿನವರು ಬಾಗಿಲಿಗೆ ಸ್ವಾಧೀನ ನೋಟಿಸ್ ಅಂಟಿಸಿದ್ದಾರೆ, ಪೇಪರಿನಲ್ಲೂ ಹಾಕಿದ್ದಾರೆ. ಒಟ್ಟು ಬಾಕಿ 15 ಲಕ್ಷ 90 ಸಾವಿರ ಎಂದಿದೆ. ನಾವು ಇನ್ನೂ ಮನೆಯಲ್ಲೇ ಇದ್ದೇವೆ. ಊರಿನವರ ಪ್ರಕಾರ ಮನೆಗೆ 30 ಲಕ್ಷ ಬರುತ್ತದೆ.

ಆವತ್ತಿನಿಂದ ಫೋನ್ ಮೇಲೆ ಫೋನ್. ಒಬ್ಬರು ಮನೆಗೇ ಬಂದರು. 1 ಲಕ್ಷ 20 ಸಾವಿರ ಕೊಟ್ಟರೆ ಹರಾಜು ನಿಲ್ಲಿಸುತ್ತೇನೆ, ಬ್ಯಾಂಕಿಗೆ ನೀವು ಹೋಗಲೇಬೇಡಿ ಅಂದರು. ಬಾಂಡ್ ಪೇಪರ್ ಮೇಲೆ ನಮ್ಮಿಬ್ಬರ ಸಹಿ, ಎರಡು ಖಾಲಿ ಚೆಕ್ ಕೇಳಿದ್ದಾರೆ. ಹರಾಜು ಆಗಿಬಿಟ್ಟರೂ ಉಳಿದ ಹಣ ತೆಗೆಸಿಕೊಡುತ್ತೇನೆ, ಅದರಲ್ಲಿ ಅರ್ಧ ನನಗೆ ಎನ್ನುತ್ತಾರೆ. ಇನ್ನೊಬ್ಬರು, 20 ಲಕ್ಷಕ್ಕೆ ಮನೆ ನನ್ನ ಹೆಸರಿಗೆ ಬರೆದುಕೊಡಿ, ಸಾಲ ನಾನು ತೀರಿಸುತ್ತೇನೆ, 8 ಸಾವಿರ ಬಾಡಿಗೆ ಕೊಟ್ಟು ಇಲ್ಲೇ ಇರಿ, ಎರಡು ವರ್ಷದಲ್ಲಿ ವಾಪಸ್ ಬರೆದುಕೊಡುತ್ತೇನೆ ಅಂದಿದ್ದಾರೆ. ಮೊದಲನೆಯವರು ಪಕ್ಕದ ಊರಿನವರೇ ಎಂದು ಯಜಮಾನರಿಗೆ ನಂಬಿಕೆ. ನಮ್ಮ ಮನೆ ಹೋಯಿತೇ? ಇವರನ್ನು ನಂಬಬಹುದೇ? ಮಗಳು ಈ ವರ್ಷ ಪಿಯುಸಿ, ಮುಂದೆ ಅವಳಿಗೆ ಶಿಕ್ಷಣ ಸಾಲ ಸಿಗುತ್ತದೆಯೇ?

ಉತ್ತರ: ಮೊದಲು ಸಮಾಧಾನದ ಮಾತು. ನಿಮ್ಮ ಮನೆ ಹೋಗಿಲ್ಲ. ಈಗಲೂ ಅದು ನಿಮ್ಮದೇ. ಎರಡನೆಯದು ಎಚ್ಚರಿಕೆ. ಆ ಇಬ್ಬರಿಗೂ ಒಂದು ಸಹಿಯನ್ನೂ ಹಾಕಿಕೊಡಬೇಡಿ, ಒಂದು ರೂಪಾಯಿಯನ್ನೂ ಕೊಡಬೇಡಿ. ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಕಾರಣ ಗೊತ್ತಾದರೆ ನಾಳೆ ಮೂರನೆಯವರು ಬಂದಾಗಲೂ ನೀವೇ ನಿರ್ಧಾರ ಮಾಡಬಹುದು.

ಸಾಲ ವಸೂಲಿ ಪ್ರಕರಣಗಳಲ್ಲಿ ವಕೀಲನಾಗಿ ನಾನು ನೋಡುತ್ತ ಬಂದದ್ದು ಇದು: ಇಂಥ ಏಜೆಂಟರಿಂದ ಆಗುವ ದೊಡ್ಡ ನಷ್ಟ ಅವರು ತೆಗೆದುಕೊಳ್ಳುವ ಹಣ ಅಲ್ಲ, ಅವರು ಕಳೆಯುವ ದಿನಗಳು. ಈ ಕಾನೂನಿನಲ್ಲಿ ಪ್ರತಿ ಹಂತಕ್ಕೂ ಗಡುವು ಇದೆ. ಕೆಲಸ ನಡೀತಿದೆ, ನೀವು ಸುಮ್ನೆ ಇರಿ ಎಂದು ಅವರು ಹೇಳುತ್ತ ಹೋಗುತ್ತಾರೆ. ಮನೆಯವರು ನಂಬಿ ಬ್ಯಾಂಕಿಗೆ ಹೋಗುವುದನ್ನು ಬಿಡುತ್ತಾರೆ, ಕಾಗದ ಬಂದರೆ ಒಡೆಯದೆ ಅವರ ಕೈಗೇ ಕೊಡುತ್ತಾರೆ. ಗಡುವು ಮುಗಿದ ಮೇಲೆ ನನ್ನ ಹತ್ತಿರ ಬರುತ್ತಾರೆ. ಆಗ ಎಂಥ ಒಳ್ಳೆಯ ವಕೀಲರಿದ್ದರೂ ಕೈಯಲ್ಲಿ ಉಳಿಯುವುದು ಕಡಿಮೆ.

ಇವರಿಗೆ ನಿಮ್ಮ ವಿಷಯ ಹೇಗೆ ಗೊತ್ತಾಯಿತು? ಅನೇಕರು ಬ್ಯಾಂಕಿನ ಒಳಗಿನವರೇ ಕಳಿಸಿರಬೇಕು ಅಂದುಕೊಳ್ಳುತ್ತಾರೆ. ಅದೇ ನಂಬಿಕೆಯಲ್ಲಿ ಆ ವ್ಯಕ್ತಿಗೆ ಇಲ್ಲದ ತೂಕ ಬರುತ್ತದೆ. ಒಳಗಿನವರು ಬೇಕಾಗಿಯೇ ಇಲ್ಲ. ಸ್ವಾಧೀನ ನೋಟಿಸನ್ನು ಬಾಗಿಲಿಗೆ ಅಂಟಿಸಬೇಕು, 7 ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಹಾಕಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು ಎಂದು ನಿಯಮವೇ ಇದೆ. ನಿಮ್ಮ ಹೆಸರು, ಊರು, ಬಾಕಿ ಮೊತ್ತ, ಜಾಗದ ಚಕ್ಕುಬಂದಿ ಎಲ್ಲ ಅದರಲ್ಲಿ ಅಚ್ಚಾಗಿರುತ್ತದೆ. ಪೇಪರ್ ಓದುವ ಯಾರಿಗೂ ಸಿಗುವ ಮಾಹಿತಿ ಅದು. ನಿಮ್ಮ ಮನೆಗೆ ಬಂದವರು ಫೈಲಿನಲ್ಲಿಟ್ಟು ತೋರಿಸಿದ್ದೂ ಬಹುಶಃ ಅದನ್ನೇ ಇರಬೇಕು.

ಕಂತು ಯಾಕೆ ನಿಂತಿತು ಅನ್ನುವುದನ್ನೂ ನೋಡಬೇಕು. ನಿಮ್ಮನ್ನು ನೀವು ತಪ್ಪಿತಸ್ಥರು ಅಂದುಕೊಂಡಿರುವುದು ನಿಮ್ಮ ಪತ್ರದಲ್ಲಿ ಕಾಣುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ. ಬೋಟು ಇಳಿಯದಿದ್ದರೆ ಮೀನಿನ ಗಾಡಿಗೂ ಬಾಡಿಗೆ ಇಲ್ಲ, ಐಸ್ ಪ್ಲಾಂಟಿಗೂ ಕೆಲಸ ಕಡಿಮೆ. ಸಾಲದ ಕಂತು 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಬ್ಯಾಂಕ್ ಆ ಖಾತೆಯನ್ನು ಎನ್‌ಪಿಎ, ಅಂದರೆ ವಸೂಲಾಗದ ಸಾಲ ಎಂದು ಗುರುತಿಸುತ್ತದೆ. 61ಕ್ಕೂ 90ಕ್ಕೂ ನಡುವೆ ಇರುವುದು 29 ದಿನ. ಆಗಸ್ಟಿನಲ್ಲಿ ಒಂದು ಎಂಜಿನ್ ಕೆಲಸ ಬಂದರೆ ಸಾಕು, ಆ 29 ದಿನವೂ ಹೋಯಿತು. ಘಟ್ಟದ ಮೇಲೆ ಸಿರ್ಸಿ, ಸಿದ್ದಾಪುರ ಕಡೆ ಅಡಿಕೆ ದುಡ್ಡು ಬರುವುದು ಕೊಯ್ಲು ಆದ ಮೇಲೆ, ಆದರೆ ಕಂತು ಪ್ರತಿ ತಿಂಗಳು ಕಟ್ಟಬೇಕು. ನಮ್ಮ ಜಿಲ್ಲೆಯ ಆದಾಯಕ್ಕೂ ಮನೆ ಸಾಲದ ಕಂತಿಗೂ ಹೊಂದಾಣಿಕೆ ಕಷ್ಟ. ನಾಚಿಕೆಪಟ್ಟು ಮನೆಯೊಳಗೆ ಕೂತವರೇ ಏಜೆಂಟರಿಗೆ ಸುಲಭವಾಗಿ ಸಿಗುವುದು. ಹಾಗಾಗಿ ಇದನ್ನು ಇಷ್ಟು ಉದ್ದ ಹೇಳಿದೆ.

ಈಗ ಕಾನೂನು. ಬ್ಯಾಂಕ್ ಬಳಸುತ್ತಿರುವುದು 2002ರ ಸರ್ಫೇಸಿ ಕಾಯ್ದೆ. ಅಡವಿಟ್ಟ ಮನೆಯನ್ನು ಕೋರ್ಟಿಗೆ ಹೋಗದೆಯೇ ವಶಕ್ಕೆ ತೆಗೆದುಕೊಂಡು ಮಾರಲು ಅದು ಬ್ಯಾಂಕಿಗೆ ಅಧಿಕಾರ ಕೊಡುತ್ತದೆ. ಮೊದಲು 60 ದಿನದ ನೋಟಿಸ್. ಅದಕ್ಕೆ ಆಕ್ಷೇಪಣೆ ಬರೆದರೆ ಬ್ಯಾಂಕ್ 15 ದಿನದೊಳಗೆ ಉತ್ತರ ಕೊಡಬೇಕು. ನೀವು ಬರೆಯಲಿಲ್ಲ, ಆ ಒಂದು ಅವಕಾಶ ಹೋಯಿತು, ಅಷ್ಟೇ. ಎರಡನೇ ಹಂತ ಸ್ವಾಧೀನ ನೋಟಿಸ್. ನಿಮ್ಮ ಬಾಗಿಲಿಗೆ ಅಂಟಿಸಿರುವುದು ಇದು. ನೀವು ಇನ್ನೂ ಒಳಗೇ ಇದ್ದೀರಿ, ಅಂದರೆ ಇದು ಕಾಗದದ ಮೇಲಿನ ಸ್ವಾಧೀನ. ನಿಮ್ಮನ್ನು ಹೊರಗೆ ಕಳಿಸಿ ಬೀಗ ಹಾಕಲು ಬ್ಯಾಂಕ್ ಸಾಮಾನ್ಯವಾಗಿ ಕಾರವಾರದಲ್ಲಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕುತ್ತದೆ, ಅವರ ಆದೇಶದ ಮೇಲೆ ಅಧಿಕಾರಿಗಳು ಬರುತ್ತಾರೆ. ಮೂರನೆಯದು ಹರಾಜು ನೋಟಿಸ್. ಮೊದಲ ಹರಾಜಿಗೆ ಕನಿಷ್ಠ 30 ದಿನ ಮುಂಚೆ ಅದು ಪ್ರಕಟವಾಗಬೇಕು. ಮೊದಲ ಹರಾಜಿನಲ್ಲಿ ಯಾರೂ ಕೊಳ್ಳದಿದ್ದರೆ ಮುಂದಿನ ಸಲಕ್ಕೆ 15 ದಿನ ಸಾಕು.

ಎರಡು ಗಡುವುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಸ್ವಾಧೀನ ನೋಟಿಸ್ ತಪ್ಪು ಅನ್ನಿಸಿದರೆ ಡಿಆರ್‌ಟಿ ಎಂಬ ಸಾಲ ವಸೂಲಾತಿ ನ್ಯಾಯಮಂಡಳಿಗೆ 45 ದಿನದೊಳಗೆ ಅರ್ಜಿ ಹಾಕಬೇಕು. ನೀವು ಪತ್ರ ಬರೆದ ದಿನಕ್ಕೆ 28 ದಿನ ಉಳಿದಿತ್ತು. ಇನ್ನೊಂದರ ದಿನಾಂಕ ನಿಮಗೆ ಮುಂಚೆ ಗೊತ್ತಾಗುವುದಿಲ್ಲ, ಆದರೆ ಅದು ಇದಕ್ಕಿಂತ ಮುಖ್ಯ. ಪೂರ್ತಿ ಬಾಕಿ ಮತ್ತು ಖರ್ಚು ಕಟ್ಟಿ ಮನೆ ಬಿಡಿಸಿಕೊಳ್ಳುವ ನಿಮ್ಮ ಹಕ್ಕು ಹರಾಜು ನೋಟಿಸ್ ಪ್ರಕಟವಾಗುವ ತನಕ ಮಾತ್ರ. ಮೊದಲು ಹರಾಜು ಮುಗಿಯುವ ತನಕವೂ ಬಿಡಿಸಿಕೊಳ್ಳಬಹುದಿತ್ತು. 2016ರ ತಿದ್ದುಪಡಿ ಅದನ್ನು ಬದಲಿಸಿತು, 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. "ಹರಾಜಿನ ಹಿಂದಿನ ದಿನ ದುಡ್ಡು ಕಟ್ಟಿದರೂ ಆಗ್ತದೆ" ಎಂದು ಈಗಲೂ ಹೇಳುವವರಿದ್ದಾರೆ. ಅದು ಹಳೆಯ ಮಾತು. ನೋಟಿಸ್ ಬಂದ ಮೇಲೆ ಬ್ಯಾಂಕ್ ಒಪ್ಪಿದರೆ ಉಂಟು, ಹಕ್ಕಿನಿಂದ ಕೇಳುವಂತಿಲ್ಲ.

ಮೊದಲನೆಯವರ ಮಾತುಗಳನ್ನು ಒಂದೊಂದಾಗಿ ನೋಡೋಣ.

"ಹರಾಜು ನಿಲ್ಲಿಸುತ್ತೇನೆ" ಅಂದರು. ಹೇಗೆ ಎಂದು ಕೇಳಿದಿರಾ? ಸಾಮಾನ್ಯವಾಗಿ ಇವರು ಮೂರು ದಾರಿ ಹೇಳುತ್ತಾರೆ. ಊರಿನ ಸಿವಿಲ್ ಕೋರ್ಟಿನಲ್ಲಿ ಸ್ಟೇ ತರುವುದು, ಡಿಸಿ ಆಫೀಸಿನಲ್ಲಿ ತಡೆಯುವುದು, ಇಲ್ಲವೇ ಅಣ್ಣತಮ್ಮಂದಿರಿಂದ ಪಾಲು ಕೇಳುವ ದಾವೆ ಹಾಕಿಸುವುದು. ಡಿಆರ್‌ಟಿ ತೀರ್ಮಾನಿಸಬೇಕಾದ ವಿಷಯದಲ್ಲಿ ಸಿವಿಲ್ ಕೋರ್ಟ್ ಕೈ ಹಾಕದಂತೆ ಸರ್ಫೇಸಿ ಕಾಯ್ದೆಯೇ ತಡೆದಿದೆ. ಅಪರೂಪದ ವಂಚನೆ ಪ್ರಕರಣ ಬಿಟ್ಟರೆ ಅಲ್ಲಿ ಏನೂ ಸಿಗುವುದಿಲ್ಲ. ಜಿಲ್ಲಾಧಿಕಾರಿಗಳು ಸಾಲ ಸರಿಯೋ ತಪ್ಪೋ ಎಂದು ವಿಚಾರಣೆ ಮಾಡುವವರಲ್ಲ. ಕಾಗದಪತ್ರ ಸರಿ ಇದೆಯೇ ಎಂದು ನೋಡಿ ಸ್ವಾಧೀನಕ್ಕೆ ನೆರವು ಕೊಡುವುದಷ್ಟೇ ಅವರ ಕೆಲಸ. ಇನ್ನು ಮನೆಯವರೇ ಸೇರಿ ಸುಳ್ಳು ಪಾಲಿನ ದಾವೆ ಹಾಕುವುದು, ಹಿಂದಿನ ತಾರೀಕು ಹಾಕಿ ಬಾಡಿಗೆ ಕರಾರು ಬರೆಸುವುದು, ಇವು ಸಿಕ್ಕಿಬಿದ್ದರೆ ಕ್ರಿಮಿನಲ್ ಕೇಸು. ಕೇಸು ನಿಮ್ಮ ಮೇಲೆ ಬೀಳುತ್ತದೆ, ಏಜೆಂಟನ ಮೇಲೆ ಅಲ್ಲ. ಅರ್ಜಿಗೆ ಒಂದು ನಂಬರ್ ಬಿದ್ದ ಕೂಡಲೇ ಅದನ್ನೇ ಸ್ಟೇ ಎಂದು ತೋರಿಸಿ ಉಳಿದ ಹಣ ಕೇಳುವವರೂ ಇದ್ದಾರೆ. ಕೇಸ್ ನಂಬರ್ ಬೇರೆ, ತಡೆ ಆದೇಶ ಬೇರೆ. ಸಿವಿಲ್ ಕೋರ್ಟಿನ ಕೇಸನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ, ಡಿಆರ್‌ಟಿ ಕೇಸನ್ನು ಡಿಆರ್‌ಟಿ ವೆಬ್‌ಸೈಟಿನಲ್ಲಿ ನೀವೇ ದುಡ್ಡಿಲ್ಲದೆ ನೋಡಬಹುದು. ಮಗಳ ಹತ್ತಿರ ಹೇಳಿದರೆ ಮೊಬೈಲಿನಲ್ಲೇ ನೋಡಿಕೊಡುತ್ತಾಳೆ.

ಖಾಲಿ ಚೆಕ್ ಮತ್ತು ಬಾಂಡ್ ಪೇಪರ್ ವಿಷಯ ಬಹಳ ಗಂಭೀರ. ಖಾಲಿ ಚೆಕ್ಕಿಗೆ ಅವರು 5 ಲಕ್ಷ ಎಂದು ಬರೆದು ಬ್ಯಾಂಕಿಗೆ ಹಾಕಿ, ಅದು ಬೌನ್ಸ್ ಆದರೆ ನಿಮ್ಮ ಮೇಲೆ ಚೆಕ್ ಬೌನ್ಸ್ ಕೇಸು. ಸಹಿ ನಿಮ್ಮದೇ ಆದ್ದರಿಂದ ಸಾಲಕ್ಕೆ ಕೊಟ್ಟದ್ದಲ್ಲ ಎಂದು ತೋರಿಸುವ ಹೊರೆ ನಿಮ್ಮ ಮೇಲೇ ಬರುತ್ತದೆ. ಬಾಂಡ್ ಪೇಪರ್ ಅನ್ನುವುದು ಬಹುತೇಕ ಮುಖ್ತ್ಯಾರನಾಮೆ, ಅಂದರೆ ಜಿಪಿಎ, ಇಲ್ಲವೇ ಮಾರಾಟದ ಕರಾರು. ಜಿಪಿಎ ಮೂಲಕ ಮನೆಯ ಒಡೆತನ ಬದಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ಆ ಕಾಗದ ತೋರಿಸಿ ಅವರು ಇನ್ನೊಬ್ಬರಿಂದ ಮುಂಗಡ ತೆಗೆದುಕೊಳ್ಳಬಹುದು. ಆಗ ನಿಮ್ಮ ಮನೆ ಬಾಗಿಲಿಗೆ ಬರುವುದು ಆ ಇನ್ನೊಬ್ಬರು.

"ಹರಾಜಿನಲ್ಲಿ ಉಳಿದ ಹಣ ತೆಗೆಸಿಕೊಡುತ್ತೇನೆ, ಅರ್ಧ ನನಗೆ" ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹರಾಜು ಮುಗಿದು ಮನೆ ಕಳೆದುಕೊಂಡವರನ್ನೂ ಇದೇ ಮಾತಿನಿಂದ ಹಿಡಿಯುತ್ತಾರೆ. ಮನೆ ಹರಾಜಾಗಿ ಬಂದ ದುಡ್ಡಿನಲ್ಲಿ ಬ್ಯಾಂಕ್ ತನ್ನ ಬಾಕಿ, ಬಡ್ಡಿ, ಖರ್ಚು ಮಾತ್ರ ತೆಗೆದುಕೊಳ್ಳಬಹುದು. ಉಳಿದದ್ದನ್ನು ಹಕ್ಕಿರುವವರಿಗೆ ಕೊಡಲೇಬೇಕು, ಇದು ಕಾಯ್ದೆಯಲ್ಲೇ ಇದೆ. ಒಂದು ಲೆಕ್ಕ ನೋಡಿ. ಮನೆ 24 ಲಕ್ಷಕ್ಕೆ ಹೋಯಿತು, ಅಷ್ಟರೊಳಗೆ ಬಾಕಿ ಖರ್ಚು ಸೇರಿ 17 ಲಕ್ಷ ಆಯಿತು ಅಂದುಕೊಳ್ಳೋಣ. 7 ಲಕ್ಷ ನಿಮ್ಮದು. ಅದನ್ನು ಪಡೆಯಲು ಬೇಕಾಗಿರುವುದು ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಒಂದು ಅರ್ಜಿ. ಹರಾಜಿನ ಮೊತ್ತ, ಕಡಿತದ ಲೆಕ್ಕದ ವಿವರ ಕೊಡಿ, ಉಳಿಕೆ ಈ ಖಾತೆಗೆ ಹಾಕಿ ಎಂದು ಬರೆದು, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಲಗತ್ತಿಸಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅಂಚೆ ಖರ್ಚು ಮಾತ್ರ. ಇದಕ್ಕೆ ಅರ್ಧ ಪಾಲು ಅಂದರೆ ಮೂರೂವರೆ ಲಕ್ಷ. ಮನೆ ಕಳೆದುಕೊಂಡ ಕುಟುಂಬ ಮುಂದಿನ ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡಬೇಕಾದ ಹಣ ಅದು. ಅದೇ ಜಾಗದ ಮೇಲೆ ಬೇರೆ ಬ್ಯಾಂಕಿನ ಹಕ್ಕೋ, ಮನೆಯೊಳಗೇ ಪಾಲಿನ ತಕರಾರೋ ಇದ್ದರೆ ತಡ ಆಗಬಹುದು. ಆಗ ವಕೀಲರನ್ನು ಹಿಡಿಯಿರಿ, ಫೀಸು ಇಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ. ಕಕ್ಷಿದಾರರಿಗೆ ಬರುವ ಹಣದಲ್ಲಿ ಪಾಲು ಕೇಳುವುದು ವಕೀಲರಿಗೆ ನಿಷಿದ್ಧ. ಯಾರಾದರೂ ನಾನು ವಕೀಲ ಎಂದು ಹೇಳಿ ಅರ್ಧ ಪಾಲು ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಇದರ ಇನ್ನೊಂದು ಮುಖವೂ ಗೊತ್ತಿರಲಿ. ಹರಾಜಿನ ಹಣ ಬಾಕಿಗೆ ಸಾಲದಿದ್ದರೆ ಉಳಿದದ್ದನ್ನು ಬ್ಯಾಂಕ್ ಡಿಆರ್‌ಟಿ ಮೂಲಕ ನಿಮ್ಮಿಂದ ಕೇಳಬಹುದು. ಮನೆ ಬಿಟ್ಟುಕೊಟ್ಟರೆ ಸಾಲ ತೀರಿತು ಎಂಬ ಮಾತು ಎಲ್ಲ ಸಲ ನಿಜ ಅಲ್ಲ. ನಿಮ್ಮ ಮನೆಗೆ ಬಾಕಿಗಿಂತ ಬೆಲೆ ಜಾಸ್ತಿ ಇದೆ, ಹಾಗಾಗಿ ನಿಮಗೆ ಆ ಭಯ ಸದ್ಯಕ್ಕೆ ಬೇಡ.

ಎರಡನೆಯವರ ಮಾತು ಕೇಳಲು ಇನ್ನೂ ಚೆಂದ. ಮನೆ ಬಿಡಬೇಕಾಗಿಲ್ಲ, ಊರಿಗೆ ಗೊತ್ತಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಎರಡರಲ್ಲಿ ಇದೇ ಹೆಚ್ಚು ಅಪಾಯಕಾರಿ. 60 ದಿನದ ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಆ ಮನೆಯನ್ನು ಮಾರುವುದು, ಲೀಸಿಗೆ ಕೊಡುವುದು ಕಾಯ್ದೆಗೆ ವಿರುದ್ಧ. ಅದಕ್ಕೆ ಒಂದು ವರ್ಷದ ತನಕ ಜೈಲು ಅಥವಾ ದಂಡ ಇದೆ. ಅವರು ಬ್ಯಾಂಕಿಗೆ ಹೇಳದೆ ಕರಾರು ಮಾಡಿಸಿದರೆ ಸಾಲ ನಿಮ್ಮ ಹೆಸರಲ್ಲೇ ಉಳಿಯುತ್ತದೆ, ಹರಾಜು ನಿಲ್ಲುವುದಿಲ್ಲ, ನೀವು ಕೊಟ್ಟ ಬಾಡಿಗೆ ಅವರ ಜೇಬಿಗೆ. ಒಂದು ವೇಳೆ ಬ್ಯಾಂಕಿನ ಒಪ್ಪಿಗೆ ತಂದು ಸರಿಯಾಗಿಯೇ ಖರೀದಿ ಮಾಡಿದರೂ ಲೆಕ್ಕ ಹಾಕಿ. 20 ಲಕ್ಷದಲ್ಲಿ ಬ್ಯಾಂಕಿಗೆ 15 ಲಕ್ಷ 90 ಸಾವಿರ ಹೋಗಿ ನಿಮ್ಮ ಕೈಗೆ ಬರುವುದು 4 ಲಕ್ಷ 10 ಸಾವಿರ. 30 ಲಕ್ಷದ ಮನೆಯಲ್ಲಿ ನಿಮ್ಮ ಪಾಲು 14 ಲಕ್ಷಕ್ಕಿಂತ ಜಾಸ್ತಿ ಇತ್ತು. ಎರಡು ವರ್ಷದಲ್ಲಿ ವಾಪಸ್ ಬರೆದುಕೊಡುವ ಮಾತು ನೋಂದಣಿ ಆದ ಪತ್ರದಲ್ಲಿ ಇರುವುದಿಲ್ಲ, ಬಾಯಿಮಾತಿನಲ್ಲಿ ಇರುತ್ತದೆ. ಎರಡು ಬಾಡಿಗೆ ತಪ್ಪಿದರೆ ಅವರೇ ನಿಮ್ಮನ್ನು ಹೊರಗೆ ಹಾಕುತ್ತಾರೆ. ಆಗ ನೀವು ಮಾಲೀಕರಲ್ಲ, ಬಾಡಿಗೆದಾರರು.

ಈಗ ನಿಮ್ಮ ಮುಂದೆ ಇರುವ ದಾರಿಗಳು.

ನಿಮ್ಮ ವಿಷಯದಲ್ಲಿ ನಾನು ಮೊದಲು ನೋಡುವುದು ಬಾಕಿ ಕಂತು ಕಟ್ಟಿ ಖಾತೆ ಸರಿಮಾಡಿಕೊಳ್ಳುವುದನ್ನು. 8 ಕಂತು ಅಂದರೆ 1 ಲಕ್ಷ 28 ಸಾವಿರ, ಮೇಲೆ ದಂಡ, ನೋಟಿಸಿನ ಖರ್ಚು. ಆ ಏಜೆಂಟ್ ಕೇಳುತ್ತಿರುವುದು 1 ಲಕ್ಷ 20 ಸಾವಿರ! ಆ ಹಣ ಹೊಂದಿಸಲು ನಿಮಗೆ ಸಾಧ್ಯ ಇದ್ದರೆ ಅದು ಹೋಗಬೇಕಾದದ್ದು ನಿಮ್ಮ ಸಾಲದ ಖಾತೆಗೆ. ಬಾಕಿ ಉಳಿದ ಕಂತು, ಬಡ್ಡಿ ಎಲ್ಲ ಪೂರ್ತಿ ಕಟ್ಟಿದರೆ ಎನ್‌ಪಿಎ ಖಾತೆಯನ್ನು ಮತ್ತೆ ಸಾಮಾನ್ಯ ಖಾತೆ ಮಾಡಬಹುದು ಎಂದು ರಿಸರ್ವ್ ಬ್ಯಾಂಕ್ ನಿಯಮ ಇದೆ. ಅರ್ಧಂಬರ್ಧ ಕಟ್ಟಿದರೆ ಆಗುವುದಿಲ್ಲ. ಕಾಯ್ದೆಯ ಪ್ರಕಾರ ಬ್ಯಾಂಕ್ ಇಡೀ ಸಾಲವನ್ನೇ ಕೇಳಬಹುದು, ಆದರೆ ಇಡೀ ಬಾಕಿ ಕಂತು ತಂದವರಿಗೆ ಹೆಚ್ಚಿನ ಬ್ಯಾಂಕುಗಳು ಕ್ರಮ ನಿಲ್ಲಿಸಿದ್ದನ್ನು ನೋಡಿದ್ದೇನೆ. ಹರಾಜು ಮಾಡುವುದು ಅವರಿಗೂ ತಲೆನೋವೇ. ಹಣ ಕಟ್ಟುವ ಮೊದಲು ಕ್ರಮ ಹಿಂತೆಗೆದುಕೊಳ್ಳುವ ಬಗ್ಗೆ ಲಿಖಿತ ಪತ್ರ ಕೇಳಿ. ಇದಕ್ಕಾಗಿ ಖಾಸಗಿಯವರ ಹತ್ತಿರ ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿಗೆ ತರಬೇಡಿ. ವರ್ಷಕ್ಕೆ ಶೇ 60 ಆಯಿತು. ಬಂಗಾರ ಇದ್ದರೆ ಬ್ಯಾಂಕಿನಲ್ಲಿ ಅಡವಿಡುವುದು ಎಷ್ಟೋ ವಾಸಿ.

ಒಟಿಎಸ್ ಬಗ್ಗೆ ನೀವು ಕೇಳಿರಬಹುದು, ಒಂದೇ ಸಲ ಇಷ್ಟು ಕಟ್ಟಿ ಮುಗಿಸುವ ಒಪ್ಪಂದ. ಅದು ಸಾಲಗಾರರ ಹಕ್ಕಲ್ಲ, ಕೊಡುವುದು ಬಿಡುವುದು ಬ್ಯಾಂಕಿಗೆ ಬಿಟ್ಟದ್ದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. "ಒಟಿಎಸ್ ಮಾಡಿಸಿಯೇ ಕೊಡ್ತೇನೆ" ಅನ್ನುವವರು ಏನನ್ನು ಮಾರುತ್ತಿದ್ದಾರೆ ಎಂದು ಇದರಿಂದ ಗೊತ್ತಾಗುತ್ತದೆ. ನಿಮ್ಮ ಮನೆಗೆ ಬಾಕಿಯ ಎರಡು ಪಟ್ಟು ಹತ್ತಿರ ಬೆಲೆ ಇರುವಾಗ ಬ್ಯಾಂಕ್ ದೊಡ್ಡ ರಿಯಾಯಿತಿ ಕೊಡುವುದು ಕಷ್ಟ. ಕೊಟ್ಟರೂ ಒಂದು ಗಡುವು ತಪ್ಪಿದರೆ ಒಪ್ಪಂದ ರದ್ದು.

ಕಂತು ಹೊಂದಿಸಲು ಆಗುವುದೇ ಇಲ್ಲ ಅಂದರೆ ನೀವೇ ಮಾರುವುದು ಒಳ್ಳೆಯದು. ಹರಾಜಿಗೆ ಮುಂಚೆ, ಬ್ಯಾಂಕಿನ ಲಿಖಿತ ಒಪ್ಪಿಗೆ ತೆಗೆದುಕೊಂಡು. ಹಳ್ಳಿಯ ಮನೆಯ ಹರಾಜಿಗೆ ಕೊಳ್ಳುವವರು ಕಡಿಮೆ ಬರುತ್ತಾರೆ, ಬೆಲೆ ಇಳಿಯುತ್ತದೆ. ನೀವಾಗಿ ಮಾರಿದರೆ ಊರಿನ ಬೆಲೆ ಸಿಗುತ್ತದೆ. ಕ್ರಮ ಹೀಗಿರಲಿ: ಬ್ಯಾಂಕಿನಿಂದ ಪೂರ್ತಿ ಬಾಕಿಯ ಲೆಕ್ಕದ ಪತ್ರ, ಅದನ್ನು ಬ್ಯಾಂಕಿನಲ್ಲಿ ಫೋರ್‌ಕ್ಲೋಸರ್ ಲೆಟರ್ ಅನ್ನುತ್ತಾರೆ. ಪಂಚಾಯತಿಯ ಆಸ್ತಿ ದಾಖಲೆಯಾದ ಇ-ಸ್ವತ್ತು ನಮೂನೆ 9 ಮತ್ತು 11, ಹೊಸ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ಕೊಳ್ಳುವವರು ಬಾಕಿಯಷ್ಟು ಹಣವನ್ನು ನೇರ ನಿಮ್ಮ ಸಾಲದ ಖಾತೆಗೆ, ಉಳಿದದ್ದನ್ನು ನಿಮ್ಮ ಉಳಿತಾಯ ಖಾತೆಗೆ ಹಾಕಬೇಕು. ನಡುವೆ ಯಾರ ಕೈಗೂ ಹೋಗಬಾರದು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕ್ ಮೂಲ ಪತ್ರಗಳನ್ನು ವಾಪಸ್ ಕೊಡಬೇಕು. ತಡ ಅವರದಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಈ ನಿಯಮ ಇದೆ. ಈ ದಾರಿಯ ಕಷ್ಟ ಸಮಯ. ಇ-ಸ್ವತ್ತು ಇಲ್ಲದಿದ್ದರೆ ಪಂಚಾಯತಿಯಲ್ಲಿ ಇವತ್ತೇ ಅರ್ಜಿ ಕೊಡಿ, ಮಾರುವ ತೀರ್ಮಾನ ಆಮೇಲೆ ಮಾಡಿದರೂ ಆಯಿತು.

ಡಿಆರ್‌ಟಿಗೆ ಹೋಗುವುದು ಕಾರಣ ಇದ್ದರೆ ಮಾತ್ರ. ನೋಟಿಸ್ ಸರಿಯಾಗಿ ತಲುಪಿಸಿಲ್ಲ, ಕಟ್ಟಿದ ಹಣ ಲೆಕ್ಕಕ್ಕೆ ಹಿಡಿದಿಲ್ಲ, ಜಾಗದ ವಿವರ ತಪ್ಪಾಗಿದೆ ಎಂಬಂಥದ್ದು. ನಮ್ಮ ರಾಜ್ಯದ ಡಿಆರ್‌ಟಿ ಇರುವುದು ಬೆಂಗಳೂರಿನಲ್ಲಿ. "ಅಷ್ಟು ದೂರ ನೀವೆಲ್ಲಿ ಓಡಾಡ್ತೀರಿ" ಎಂದು ಹೇಳಿಯೇ ಏಜೆಂಟರು ನಮ್ಮ ಜಿಲ್ಲೆಯವರನ್ನು ಹಿಡಿಯುತ್ತಾರೆ. ಈಗ ಅರ್ಜಿಯನ್ನು ಆನ್‌ಲೈನಿನಲ್ಲೇ ಸಲ್ಲಿಸಬಹುದು, ಪ್ರತಿ ಸಲ ರಾತ್ರಿ ರೈಲು ಹತ್ತಬೇಕಾಗಿಲ್ಲ. ತಡೆ ಆದೇಶ ಸಿಕ್ಕರೂ ಇಷ್ಟು ಹಣ ಮೊದಲು ಕಟ್ಟಿ ಎಂಬ ಷರತ್ತು ಸಾಮಾನ್ಯ. ಹಣ ಕಟ್ಟಲು ಆಗದಿದ್ದರೆ ಆ ಆದೇಶದಿಂದ ಪ್ರಯೋಜನ ಇಲ್ಲ.

ವಕೀಲರಿಗೆ ಕೊಡಲು ಹಣ ಇಲ್ಲ ಎಂದು ಸುಮ್ಮನಾಗಬೇಡಿ. ನೀವು ಮಹಿಳೆ, ಸಾಲದಲ್ಲಿ ನಿಮ್ಮ ಸಹಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ. ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ ತಾಲ್ಲೂಕು ಕೋರ್ಟಿನಲ್ಲಿ ಕೇಳಿ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಅಲ್ಲಿಯೇ ಲೋಕ ಅದಾಲತ್ ಬಗ್ಗೆಯೂ ಕೇಳಿ, ಬ್ಯಾಂಕಿನವರು ಅಲ್ಲಿಗೆ ಮಾತಿಗೆ ಬರುತ್ತಾರೆ.

ಇದನ್ನು ಓದುವ ಸಿರ್ಸಿ, ಯಲ್ಲಾಪುರ ಕಡೆಯವರಿಗೂ ಎರಡು ಮಾತು ಹೇಳಬೇಕು. ಕೃಷಿ ಜಮೀನಿಗೆ ಸರ್ಫೇಸಿ ಕಾಯ್ದೆ ಅನ್ವಯಿಸುವುದಿಲ್ಲ, ಇದು ನಿಜ. ಇದನ್ನೇ ಹಿಡಿದು ನಿಮ್ಮದು ತೋಟದ ಮನೆ, ಬ್ಯಾಂಕ್ ಮುಟ್ಟಲಾರದು ಎಂದು ಧೈರ್ಯ ಹೇಳಿ ಹಣ ಕೇಳುವವರಿದ್ದಾರೆ. ಮನೆ ಇರುವ ಜಾಗ ಎನ್‌ಎ, ಅಂದರೆ ಕೃಷಿಯೇತರ ಎಂದು ಪರಿವರ್ತನೆ ಆಗಿದ್ದರೆ ಸುತ್ತ ಅಡಿಕೆ ಮರ ಇದ್ದ ಮಾತ್ರಕ್ಕೆ ರಕ್ಷಣೆ ಇಲ್ಲ. ಪಹಣಿಯಲ್ಲಿ ಕೃಷಿ ಎಂದು ಇದ್ದು ನಿಜವಾಗಿ ಬೇಸಾಯ ಇಲ್ಲದಿದ್ದರೂ ವಾದ ನಿಲ್ಲುವುದು ಕಷ್ಟ. ಎರಡನೆಯದು, ಸಾಲ ಕೊಟ್ಟವರು ಪತ್ತಿನ ಸಹಕಾರ ಸಂಘ ಆಗಿದ್ದರೆ ದಾರಿಯೇ ಬೇರೆ. ಸಹಕಾರಿ ಬ್ಯಾಂಕುಗಳಿಗೆ ಸರ್ಫೇಸಿ ಅನ್ವಯಿಸುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ಬ್ಯಾಂಕ್ ಅಲ್ಲದ ಸಂಘಗಳು ಸಹಕಾರ ಕಾಯ್ದೆಯಡಿ ದಾವೆ ಹೂಡಿ ವಸೂಲಿ ಮಾಡುತ್ತವೆ. ಅಲ್ಲಿನ ಗಡುವುಗಳು ಬೇರೆ. ಮೇಲೆ ಹೇಳಿದ 45 ದಿನದ ಲೆಕ್ಕ ಅವರಿಗೆ ಹೊಂದುವುದಿಲ್ಲ.

ನಾಳೆ ಬೆಳಗ್ಗೆ ನೀವಿಬ್ಬರೂ ಒಟ್ಟಿಗೆ ಶಾಖೆಗೆ ಹೋಗಿ. ಸ್ವಾಧೀನ ನೋಟಿಸಿನ ಕೆಳಗೆ ಸಹಿ ಮಾಡಿದ ಅಧಿಕೃತ ಅಧಿಕಾರಿ ಯಾರು, ಎಲ್ಲಿ ಸಿಗುತ್ತಾರೆ ಕೇಳಿ. ಅವರು ಬೇರೆ ಊರಿನ ಕಚೇರಿಯಲ್ಲಿ ಇರಬಹುದು. ಗಾಡಿಯ ರಿಪೇರಿ ಬಿಲ್, ಈಗ ಬಾಡಿಗೆ ಬರುತ್ತಿರುವುದಕ್ಕೆ ಖಾತೆಯ ವಿವರ ಇಟ್ಟು, ಇಷ್ಟು ದಿನದೊಳಗೆ ಬಾಕಿ ಕಂತು ಕಟ್ಟುತ್ತೇವೆ ಎಂದು ಪತ್ರ ಕೊಡಿ. ಆಗುವ ದಿನಾಂಕವನ್ನೇ ಬರೆಯಿರಿ. ಪತ್ರದ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಯಾವ ಹಣ ಕಟ್ಟಿದರೂ ಸಾಲದ ಖಾತೆಗೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ವಸೂಲಿಗೆ ಮನೆಗೆ ಬರುವವರ ಹತ್ತಿರ ಬ್ಯಾಂಕ್ ಕೊಟ್ಟ ಅಧಿಕಾರ ಪತ್ರ, ಗುರುತಿನ ಚೀಟಿ ಇರಬೇಕು. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಅವರು ಫೋನ್ ಮಾಡಿ ಪೀಡಿಸುವಂತಿಲ್ಲ. ಹಾಗೆ ಮಾಡಿದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ, 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಅದಕ್ಕೆ ಶುಲ್ಕ ಇಲ್ಲ. ಆದರೆ ಆ ದೂರಿನಿಂದ ಹರಾಜು ನಿಲ್ಲುವುದಿಲ್ಲ.

ಯಜಮಾನರು ಈಗಾಗಲೇ ಏನಾದರೂ ಸಹಿ ಮಾಡಿದ್ದರೆ ಮನೆಯಲ್ಲಿ ಜಗಳ ಮಾಡದೆ ಕೇಳಿ ತಿಳಿದುಕೊಳ್ಳಿ. ಭಯಕ್ಕೆ ಮುಚ್ಚಿಟ್ಟರೆ ದಿನ ಹೋಗುತ್ತದೆ. ಚೆಕ್ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿನಲ್ಲಿ ಪೇಮೆಂಟ್ ತಡೆಯಲು ಬರೆದುಕೊಡಿ, ಆ ಚೆಕ್ ನಂಬರುಗಳನ್ನು ಹಾಕಿ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಜಿಪಿಎ ನೋಂದಣಿ ಆಗಿದ್ದರೆ ಉಪನೋಂದಣಿ ಕಚೇರಿಯಲ್ಲೇ ಅದನ್ನು ರದ್ದು ಮಾಡಿಸಿ, ವಕೀಲರ ಮೂಲಕ ಅವರಿಗೂ ಬ್ಯಾಂಕಿಗೂ ತಿಳಿಸಿ. ಫೋನ್‌ಪೇ, ಗೂಗಲ್‌ಪೇ ಮೂಲಕ ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಪಕ್ಕದ ಊರಿನವರು, ಮುಖ ನೋಡಿ ಬದುಕಬೇಕು ಎಂಬ ಸಂಕೋಚ ಬೇಡ. ಅವರ ಧೈರ್ಯ ನಿಂತಿರುವುದು ಆ ಸಂಕೋಚದ ಮೇಲೆಯೇ.

ಕೊನೆಗೆ ಮಗಳ ವಿಷಯ. ನಿಮ್ಮಿಬ್ಬರ ಸಿಬಿಲ್ ವರದಿಯಲ್ಲಿ, ಅಂದರೆ ಸಾಲ ಕಟ್ಟಿದ ಇತಿಹಾಸದ ದಾಖಲೆಯಲ್ಲಿ, ಈ ಬಾಕಿ ಈಗ ಕಾಣುತ್ತದೆ. ಶಿಕ್ಷಣ ಸಾಲಕ್ಕೆ ತಂದೆ ಅಥವಾ ತಾಯಿಯನ್ನು ಜೊತೆ ಸಾಲಗಾರರಾಗಿ ಕೇಳುವ ಕಾರಣ ತೊಂದರೆ ಆಗಬಹುದು. ಬಾಕಿ ಕಟ್ಟಿ ಖಾತೆ ಸರಿಯಾದರೆ ವರದಿ ನಿಧಾನಕ್ಕೆ ಸುಧಾರಿಸುತ್ತದೆ. ಕಡಿಮೆ ಹಣಕ್ಕೆ ಒಪ್ಪಿಸಿ ಮುಗಿಸಿದರೆ 'ಸೆಟಲ್ಡ್' ಎಂದು ಬರುತ್ತದೆ, ಬ್ಯಾಂಕುಗಳಿಗೆ ಅದು ಅಷ್ಟು ಹಿಡಿಸುವುದಿಲ್ಲ. ನಿಮ್ಮ ವಿಷಯದಲ್ಲಿ ಕಂತು ಕಟ್ಟುವ ದಾರಿಯನ್ನೇ ಮೊದಲು ಹೇಳಿದ್ದಕ್ಕೆ ಇದೂ ಒಂದು ಕಾರಣ. ಪ್ರತಿಷ್ಠಿತ ಕಾಲೇಜುಗಳಲ್ಲಿ ಸೀಟು ಸಿಕ್ಕವರಿಗೆ 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನ, ಜಾಮೀನು ಇಲ್ಲದೆ ಸಾಲ ಇದೆ. ಸೀಟು ಸಿಕ್ಕ ಕಾಲೇಜು ಆ ಪಟ್ಟಿಯಲ್ಲಿದೆಯೇ ನೋಡಿ. ಸಿಬಿಲ್ ಕ್ಲೀನ್ ಮಾಡಿಕೊಡುತ್ತೇವೆ ಎಂದು ಇನ್ನೊಂದು ಗುಂಪು ನಿಮಗೆ ಫೋನ್ ಮಾಡುತ್ತದೆ, ಅವರಿಗೂ ಹಣ ಕೊಡಬೇಡಿ. ನಿಜವಾದ ಬಾಕಿಯನ್ನು ವರದಿಯಿಂದ ಅಳಿಸಲು ಯಾರಿಗೂ ಆಗುವುದಿಲ್ಲ. ತಪ್ಪು ಮಾಹಿತಿ ಇದ್ದರೆ ತಿದ್ದಿಸುವುದು ಉಚಿತ. ನೀವು ದೂರು ಕೊಟ್ಟ 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಬ್ಯಾಂಕ್ ಅಥವಾ ಸಿಬಿಲ್ ಸಂಸ್ಥೆಯೇ ನಿಮಗೆ ಕೊಡಬೇಕು. ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತವಾಗಿ ಸಿಗುತ್ತದೆ. ಬಾಕಿ ಕಟ್ಟಿ ಒಂದೆರಡು ತಿಂಗಳು ಬಿಟ್ಟು ಅದನ್ನು ತರಿಸಿ ನೋಡಿ, ಖಾತೆಯ ಮುಂದೆ ಏನು ಬರೆದಿದೆ ಎಂದು ಓದಿಕೊಂಡು ಆಮೇಲೆ ಮಗಳ ಸಾಲಕ್ಕೆ ಅರ್ಜಿ ಹಾಕಿ.